ಆಡುವ ಮೊದಲೇ ಬಂದ ತೀರ್ಪು

'ಕಾಲ್ ಆಫ್ ಡ್ಯೂಟಿ: ಇನ್ಫಿನಿಟ್ ವಾರ್‌ಫೇರ್' ಅನ್ನುವ ವಿಡಿಯೊ ಗೇಮಿನ ಹೆಸರು ಎತ್ತಿದರೆ ಸಾಕು, ಎದುರಿನವರು ಮೊದಲು ಹೇಳುವುದು ಡಿಸ್‌ಲೈಕಿನ ಲೆಕ್ಕ. ಆಟ ಹೇಗಿತ್ತು, ಕಥೆ ಏನಿತ್ತು, ಬಂದೂಕು ಕೈಗೆ ಹೇಗೆ ಕೂರುತ್ತಿತ್ತು ಅಂತ ಯಾರೂ ಶುರು ಮಾಡುವುದಿಲ್ಲ. "ಓ, ಅದಾ? ಯೂಟ್ಯೂಬಲ್ಲಿ ಮೂವತ್ತು ಲಕ್ಷ ಡಿಸ್‌ಲೈಕ್ ಬಿದ್ದದ್ದಲ್ವಾ?" ಅಲ್ಲಿಗೆ ಮಾತು ಮುಗಿಯಿತು. ಮೊನ್ನೆ ಪಿಯುಸಿ ಓದುವ ನನ್ನ ಅಕ್ಕನ ಮಗ ಕೂಡ ಇದನ್ನೇ ಹೇಳಿದ. "ಮಾಮ, ಅದು ಫ್ಲಾಪ್ ಗೇಮ್ ಅಲ್ವಾ?" ಆಟ ಬಂದಾಗ ಅವನು ಇನ್ನೂ ಅ ಆ ಇ ಈ ತಿದ್ದುತ್ತಿದ್ದ. "ಆಡಿದ್ದೀಯಾ?" ಅಂತ ಕೇಳಿದೆ. "ಇಲ್ಲ, ವಿಡಿಯೊ ನೋಡಿದ್ದೇನೆ" ಅಂದ. ಯಾವ ವಿಡಿಯೊ? ಜಗತ್ತಿನ ಅತಿ ಹೆಚ್ಚು ಡಿಸ್‌ಲೈಕ್ ಆದ ವಿಡಿಯೊಗಳ ಬಗ್ಗೆ ಯಾರೋ ಮಾಡಿದ ಇನ್ನೊಂದು ವಿಡಿಯೊ.

ಅವನ ಮೇಲೆ ನನಗೆ ಬೇಸರವೇನೂ ಇಲ್ಲ. ಆದರೆ ಈ ವಿಷಯ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಒಂದು ಆಟದ ಬಗ್ಗೆ ಜನ ಕೊಟ್ಟ ತೀರ್ಪು, ಆ ಆಟ ಮಾರುಕಟ್ಟೆಗೆ ಬರುವ ಆರು ತಿಂಗಳ ಮೊದಲೇ ಬರೆದು ಮುಗಿದಿತ್ತು. ಆಮೇಲೆ ಆಟ ಬಂತು, ರಿವ್ಯೂ ಬಂತು, ಆಡಿದವರು ಆಡಿದರು. ತೀರ್ಪು ಮಾತ್ರ ಬದಲಾಗಲಿಲ್ಲ. ಈಗ ಆ ಆಟ ಮುಟ್ಟಿಯೇ ನೋಡದ ತಲೆಮಾರಿಗೂ ಅದೇ ದಾಟಿ ಬಂದಿದೆ.

ಮೇ ತಿಂಗಳ ಆ ವಾರ

2016ರ ಮೇ 2ರಂದು ಟ್ರೇಲರ್ ಬಂತು. ಬಾಹ್ಯಾಕಾಶ, ಹಡಗಿನಷ್ಟು ದೊಡ್ಡ ನೌಕೆಗಳು, ಭೂಮಿ ಬಿಟ್ಟು ಮೇಲೆ ಹಾರುವ ಫೈಟರ್ ವಿಮಾನಗಳು. ನಾಲ್ಕೇ ದಿನ ಬಿಟ್ಟು ಪ್ರತಿಸ್ಪರ್ಧಿ ಆಟವಾದ 'ಬ್ಯಾಟಲ್‌ಫೀಲ್ಡ್ 1' ಟ್ರೇಲರ್ ಬಂತು. ಅದರಲ್ಲಿ ಮೊದಲನೇ ಮಹಾಯುದ್ಧದ ಕೆಸರು, ಕುದುರೆ, ಕಂದಕ. ಅದಕ್ಕೆ 20 ಲಕ್ಷಕ್ಕೂ ಹೆಚ್ಚು ಲೈಕ್, ಇದಕ್ಕೆ 30 ಲಕ್ಷಕ್ಕೂ ಹೆಚ್ಚು ಡಿಸ್‌ಲೈಕ್. ಎರಡನ್ನೂ ಅಕ್ಕಪಕ್ಕ ಇಟ್ಟು ನಗುವ ಚಿತ್ರಗಳು ವಾಟ್ಸ್‌ಆಪ್ ಗುಂಪುಗಳಲ್ಲಿ ಓಡಾಡಿದವು. ನಮ್ಮ ಕಾಲೇಜಿನ ಗುಂಪಿನಲ್ಲೂ ಬಂದವು.

ಡಿಸ್‌ಲೈಕ್ ಒತ್ತಿದವರೆಲ್ಲ ತಿಳಿಗೇಡಿಗಳು ಅಂತ ನಾನು ಹೇಳುವುದಿಲ್ಲ. ಅವರ ಸಿಟ್ಟಿಗೆ ಕಾರಣ ಇತ್ತು. ಇದೇ ಸರಣಿಯಲ್ಲಿ 2014ರ 'ಅಡ್ವಾನ್ಸ್ಡ್ ವಾರ್‌ಫೇರ್' ಭವಿಷ್ಯದ ಕಥೆ. 2015ರ 'ಬ್ಲಾಕ್ ಆಪ್ಸ್ 3' ಕೂಡ ಭವಿಷ್ಯದ ಕಥೆ. ಎರಡರಲ್ಲೂ ಸೈನಿಕರು ಬೆನ್ನಿನ ಯಂತ್ರದ ಬಲದಿಂದ ಗಾಳಿಯಲ್ಲಿ ನೆಗೆಯುತ್ತಾರೆ. ಒಂದರಲ್ಲಂತೂ ಗೋಡೆಯ ಮೇಲೆ ಓಡುತ್ತಾರೆ. ನೆಲದ ಮೇಲೆ ಕಾಲೂರಿ, ಮೂಲೆಯಲ್ಲಿ ಅವಿತು, ಹೆಜ್ಜೆ ಸದ್ದು ಕೇಳಿ ಗುಂಡು ಹಾರಿಸಿ ಬೆಳೆದವರಿಗೆ ಇದು ಸಾಕಾಗಿ ಹೋಗಿತ್ತು. ಮೂರನೇ ವರ್ಷವೂ ಅದೇ ಅಂದಾಗ ರೇಗಿತು. ಅದರ ಮೇಲೆ ಇನ್ನೊಂದು ಕಿರಿಕಿರಿ. 2007ರ 'ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್' ಅಂದರೆ ನಮ್ಮಲ್ಲಿ ಅನೇಕರ ಪ್ರಾಣ. ಅದನ್ನು ಹೊಸದಾಗಿ ಚಂದ ಮಾಡಿ ಕೊಡುತ್ತೇವೆ ಅಂದ ಪ್ರಕಾಶಕರಾದ ಆಕ್ಟಿವಿಷನ್, ಅದನ್ನು ಬಿಡಿಯಾಗಿ ಮಾರಲಿಲ್ಲ. ಬೇಕಾದರೆ ಇನ್ಫಿನಿಟ್ ವಾರ್‌ಫೇರಿನ ದುಬಾರಿ ಆವೃತ್ತಿ ತಗೊಳ್ಳಬೇಕು. ಹಳೇ ಆಟ ಪ್ರತ್ಯೇಕವಾಗಿ ಸಿಕ್ಕಿದ್ದು 2017ರ ಜೂನ್‌ನಲ್ಲಿ. ಬೇಕಾದ್ದನ್ನು ಬೇಡದ್ದರ ಜೊತೆ ಕಟ್ಟಿ ಮಾರಿದರೆ ಗಿರಾಕಿಗೆ ಸಿಟ್ಟು ಬಾರದೆ ಇರುತ್ತದಾ?

ಈ ಸಿಟ್ಟು ಹೇಳಿಕೊಳ್ಳುವುದಕ್ಕೆ ಮಂಗಳೂರಿನ ಹುಡುಗನಿಗೆ ಎಲ್ಲಿತ್ತು ಜಾಗ? ಕಂಪನಿಗೆ ಪತ್ರ ಬರೆಯುವುದಾ? ಅಂಗಡಿಯವನ ಹತ್ತಿರ ಜಗಳ ಆಡುವುದಾ? ಹೊಸ ಡಿಸ್ಕಿಗೆ ಸಾವಿರಗಟ್ಟಲೆ ರೂಪಾಯಿ. ಹಾಗಾಗಿ ಖರೀದಿಸದೆ ಪ್ರತಿಭಟಿಸಿದೆ ಅಂತ ಹೇಳುವ ಹಾಗೂ ಇಲ್ಲ. ಹೇಗೂ ಖರೀದಿಸುವವರು ಕಡಿಮೆ. ಪುಕ್ಕಟೆ ಸಿಕ್ಕಿದ್ದು ಟ್ರೇಲರ್ ಮಾತ್ರ. ಅದರ ಕೆಳಗಿದ್ದ ಆ ಬಟನ್ ಕೂಡ ಪುಕ್ಕಟೆ. ಅದೇ ವರ್ಷ ಸೆಪ್ಟೆಂಬರ್ 5ರಂದು ಜಿಯೋ ಬಂತು. ವರ್ಷದ ಕೊನೆವರೆಗೆ ಡೇಟಾ ಫ್ರೀ. ಅಲ್ಲಿಯವರೆಗೆ ಒಂದು ಜಿಬಿಯನ್ನು ತಿಂಗಳಿಡೀ ಎಣಿಸಿ ಎಣಿಸಿ ಬಳಸುತ್ತಿದ್ದವರೆಲ್ಲ ಇಡೀ ದಿನ ಯೂಟ್ಯೂಬ್ ನೋಡುವವರಾದರು. ಆಟ ನೋಡದವರೂ ಆಟದ ಬಗ್ಗೆ ಸಾವಿರ ಮಾತು ಕೇಳಿಸಿಕೊಂಡರು. ಒಂದು ಗೇಮಿನ ಕುರಿತು ಅಭಿಪ್ರಾಯ ಇರಬೇಕಾದರೆ ಕಂಟ್ರೋಲರ್ ಹಿಡಿಯಲೇಬೇಕು ಅಂತೇನೂ ಇಲ್ಲ ಅನ್ನುವ ಕಾಲ ನಮ್ಮ ಊರಿಗೆ ಬಂದದ್ದು ಆ ಕೆಲವು ತಿಂಗಳಲ್ಲಿ ಅಂತ ನನಗೆ ಅನಿಸುತ್ತದೆ.

ಬಲ್ಮಠದ ಪಾರ್ಲರ್

ಆಟ ಬಿಡುಗಡೆಯಾದದ್ದು 2016ರ ನವೆಂಬರ್ 4ರಂದು. ನಾಲ್ಕು ದಿನ ಕಳೆದು ರಾತ್ರಿ ಎಂಟಕ್ಕೆ 500, 1000ದ ನೋಟು ರದ್ದು. ಗೇಮ್ ಕಂಪನಿಗಳಿಗೂ ನೋಟಿಗೂ ಏನು ಸಂಬಂಧ ಅಂತ ಕೇಳಬಹುದು. ಮಂಗಳೂರಿನ ಬಲ್ಮಠದ ಹತ್ತಿರ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಗೇಮ್ ಪಾರ್ಲರಿಗೆ ಮಾತ್ರ ದೊಡ್ಡ ಸಂಬಂಧ ಇತ್ತು. ಗಂಟೆಗಿಷ್ಟು ಅಂತ ಚಿಲ್ಲರೆ ಕೊಟ್ಟು ಆಡುವ ಜಾಗ ಅದು. ಹುಡುಗರ ಹತ್ತಿರ ಚಿಲ್ಲರೆ ಇಲ್ಲ. ಮನೆಯವರು ಹಂಪನಕಟ್ಟೆಯ ಎಟಿಎಂ ಸಾಲಿನಲ್ಲಿ ನಿಂತು ತಂದದ್ದು ಎರಡು ಸಾವಿರದ ಗುಲಾಬಿ ನೋಟು. ಅದಕ್ಕೆ ಚಿಲ್ಲರೆ ಕೊಡುವವರು ಊರಲ್ಲೇ ಇಲ್ಲ. ಅಂಗಡಿಯ ಅಣ್ಣ ಒಂದು ನೋಟ್ ಪುಸ್ತಕ ತೆರೆದು ಎಲ್ಲರ ಹೆಸರಲ್ಲಿ ಬಾಕಿ ಬರೆಯತೊಡಗಿದರು. ಕಾಸು ಇಲ್ಲದ ಕಾಲದಲ್ಲಿ ಪಾರ್ಲರ್ ಮೊದಲಿಗಿಂತ ಜಾಸ್ತಿ ತುಂಬಿತು.

ಅಣ್ಣ ಆ ದುಬಾರಿ ಆವೃತ್ತಿಯನ್ನೇ ತರಿಸಿದ್ದರು. ಕಾರಣ ಎಲ್ಲರಿಗೂ ಗೊತ್ತು, ಹಳೇ ಮಾಡರ್ನ್ ವಾರ್‌ಫೇರ್. ಆದರೆ ಅದು ಡಿಸ್ಕಿನಲ್ಲಿ ಇರಲಿಲ್ಲ. ಡಬ್ಬದೊಳಗೆ ಒಂದು ಕೋಡ್ ಇರುತ್ತದೆ, ಅದನ್ನು ಹಾಕಿ ಡೌನ್‌ಲೋಡ್ ಮಾಡಿಕೊಳ್ಳಬೇಕು. ಹತ್ತಾರು ಜಿಬಿ. ಪಾರ್ಲರಿನ ಬ್ರಾಡ್‌ಬ್ಯಾಂಡ್ ಸ್ಪೀಡಿನಲ್ಲಿ ಅದು ದಿನಗಟ್ಟಲೆಯ ಕೆಲಸ. ಇನ್ನೂ ಒಂದು ವಿಚಿತ್ರ ಇತ್ತು. ಡೌನ್‌ಲೋಡ್ ಮುಗಿದ ಮೇಲೂ, ಹಳೇ ಆಟ ಆಡಬೇಕಾದರೆ ಇನ್ಫಿನಿಟ್ ವಾರ್‌ಫೇರಿನ ಡಿಸ್ಕ್ ಪಿಎಸ್4 ಗೇಮ್ ಯಂತ್ರದ ಹೊಟ್ಟೆಯೊಳಗೆ ಇರಲೇಬೇಕು. ಯಾರಿಗೂ ಬೇಡವಾದ ಆಟದ ಡಿಸ್ಕ್ ಒಳಗಿದ್ದರೆ ಮಾತ್ರ ಎಲ್ಲರಿಗೂ ಬೇಕಾದ ಆಟ ತೆರೆಯುತ್ತಿತ್ತು.

ಡೌನ್‌ಲೋಡ್ ಪಟ್ಟಿ ಆಮೆಯ ಹಾಗೆ ತೆವಳುತ್ತಿದ್ದ ಒಂದು ಸಂಜೆ. ಅಷ್ಟೊತ್ತಿಗೆ ಮಾಡುವುದೇನು? ಡಿಸ್ಕ್ ಹೇಗೂ ಒಳಗಿದೆ. ನಮ್ಮ ಜೂನಿಯರ್ ಒಬ್ಬ ಸುಮ್ನೆ ಕ್ಯಾಂಪೇನ್, ಅಂದರೆ ಒಬ್ಬರೇ ಆಡುವ ಕಥೆಯ ಭಾಗ, ಶುರು ಮಾಡಿದ. ಹಿಂದೆ ಕೂತವರು "ಎಂತ ಮಾರಾಯ, ಈ ರಾಕೆಟ್ ಗೇಮು" ಅಂತ ಗೊಣಗಿದರು. ಜಿನೀವಾದಲ್ಲಿ ನೌಕಾಪಡೆಯ ಮೆರವಣಿಗೆ, ಜನಜಂಗುಳಿ, ಅದರ ನಡುವೆಯೇ ದಾಳಿ. ಬೀದಿಯಲ್ಲಿ ಓಡುತ್ತಿದ್ದ ಕಥಾನಾಯಕ ನಿಕ್ ರೇಯಸ್ ಫೈಟರ್ ವಿಮಾನ ಹತ್ತುತ್ತಾನೆ, ಆಕಾಶಕ್ಕೇರುತ್ತಾನೆ, ಹಾಗೇ ಬಾಹ್ಯಾಕಾಶ ತಲುಪುತ್ತಾನೆ. ಲೋಡಿಂಗ್ ಅಂತ ಪರದೆ ಕಪ್ಪಾಗುವುದೇ ಇಲ್ಲ. ಗೊಣಗಾಟ ಅಲ್ಲಿಗೆ ನಿಂತಿತು.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಆಮೇಲಿನ ಒಂದು ಮಿಷನ್. ಒಂದು ಕ್ಷುದ್ರಗ್ರಹ. ಅದರ ಮೇಲೊಂದು ಗಣಿ. ಆ ಬಂಡೆ ಕಕ್ಷೆ ತಪ್ಪಿ ಸೂರ್ಯನ ಹತ್ತಿರ ಸರಿದಿದೆ, ಬುಗುರಿ ಹಾಗೆ ತಿರುಗುತ್ತಿದೆ. ಹಾಗಾಗಿ ಅಲ್ಲಿ ಕತ್ತಲೆಯೂ ಕೆಲವೇ ಕ್ಷಣ, ಬೆಳಕೂ ಕೆಲವೇ ಕ್ಷಣ. ಕತ್ತಲಲ್ಲಿ ಮಾತ್ರ ಹೊರಗೆ ನಡೆಯಬಹುದು. ಬೆಳಕು ಬಂತೋ, ಸುಟ್ಟು ಕರಕಲು. ಗಣಿಯ ರೋಬೋಟುಗಳು ಕಾರ್ಮಿಕರನ್ನೆಲ್ಲ ಕೊಂದು ಹಾಕಿವೆ. ಒಳಗೆ ಹೋದರೆ ಅವುಗಳ ಕಾಟ, ಹೊರಗೆ ಬಂದರೆ ಬಿಸಿಲಿನ ಕಾಟ. ಆ ಹುಡುಗ ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಓಡಬೇಕು. ಬಂಡೆಯ ಅಂಚಿನಲ್ಲಿ ಹಳದಿ ಗೆರೆ ಕಾಣಿಸಿದ ಕೂಡಲೇ ಹಿಂದಿನಿಂದ ತುಳುವಿನಲ್ಲಿ ಬೊಬ್ಬೆ, "ಉಲಾಯಿ ಪೋಲ ಮಾರಾಯಾ!" (ಒಳಗೆ ಹೋಗು ಮಾರಾಯಾ!) ಏಪ್ರಿಲ್ ಮಧ್ಯಾಹ್ನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ನೆರಳು ಹುಡುಕಿ ನಿಂತವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಯೇ ಇರಲಿಲ್ಲ. ಅಲ್ಲಿ ಗುಂಡಿನ ಲೆಕ್ಕಕ್ಕಿಂತ ಉಸಿರಿನ ಲೆಕ್ಕ ಜಾಸ್ತಿ. ಮೇ ತಿಂಗಳಲ್ಲಿ ಅದೇ ಹುಡುಗರು ಹಂಚಿಕೊಂಡ ನಗೆಚಿತ್ರಗಳ ನೆನಪು ಆ ಹೊತ್ತಿಗೆ ಯಾರಿಗೂ ಇದ್ದಂತೆ ಕಾಣಲಿಲ್ಲ.

ಡೌನ್‌ಲೋಡ್ ಯಾವಾಗಲೋ ಮುಗಿದಿತ್ತು. ಕ್ಯಾಂಪೇನ್ ನಿಲ್ಲಲಿಲ್ಲ.

(ಕೊನೆ ಗೊತ್ತಾಗುವುದು ಬೇಡ ಅನ್ನುವವರು ಮುಂದಿನ ಪ್ಯಾರಾ ಬಿಟ್ಟು ಓದಿ.)

ರೇಯಸ್ ಮೊದಲಿಗೆ ತನ್ನ ಜನರನ್ನು ಬಿಟ್ಟುಕೊಡಲು ಒಪ್ಪದ ಮನುಷ್ಯ. ಕೆಲಸ ಕೆಟ್ಟರೂ ಸರಿ, ಜೊತೆಗಿರುವವರು ಉಳಿಯಬೇಕು ಅನ್ನುವವನು. ಮೇಲಿನವರು ಸತ್ತು ಇಡೀ ನೌಕೆಯ ಹೊಣೆ ಅವನ ಹೆಗಲಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಜನರನ್ನು ಸಾವಿಗೆ ಕಳಿಸುವುದನ್ನು ಅವನು ಕಲಿಯಬೇಕು. ಕೊನೆಯಲ್ಲಿ ತಾನೂ ಹೋಗುತ್ತಾನೆ. ಎಲ್ಲ ಮುಗಿದು ಹೆಸರುಗಳ ಪಟ್ಟಿ ಮೇಲೇರುವಾಗ, ಸತ್ತ ಸಿಬ್ಬಂದಿ ಮನೆಯವರಿಗಾಗಿ ಬಿಟ್ಟುಹೋದ ಮಾತುಗಳು ಅವರದೇ ದನಿಯಲ್ಲಿ ಕೇಳುತ್ತವೆ. ನಮ್ಮ ಕಡೆ ಮನೆಗೊಬ್ಬರು ಹಡಗಿನಲ್ಲೋ ಗಲ್ಫಿನಲ್ಲೋ ಇರುವವರೇ. ಆವತ್ತು ಕೂತಿದ್ದವರಲ್ಲಿ ಒಬ್ಬನ ಅಪ್ಪ ಮರ್ಚೆಂಟ್ ನೇವಿಯಲ್ಲಿದ್ದರು, ವರ್ಷದಲ್ಲಿ ಬಹುಪಾಲು ನೀರಿನ ಮೇಲೆ. ಅವನು ಕಂಟ್ರೋಲರ್ ಕೆಳಗಿಡಲು ಬಿಡಲಿಲ್ಲ, ಕ್ರೆಡಿಟ್ಸ್ ಸ್ಕಿಪ್ ಮಾಡಲೂ ಬಿಡಲಿಲ್ಲ. ಒಂದೊಂದೇ ದನಿ ಕೊನೆವರೆಗೆ ಕೇಳಿಸಿಕೊಂಡ. ಗಂಟೆ ಮುಗಿದ ಕೂಡಲೇ ಟಿವಿ ಆರಿಸುವ ಅಣ್ಣ ಕೂಡ ಆವತ್ತು ಗಡಿಯಾರ ನೋಡಲಿಲ್ಲ.

ರಿವ್ಯೂ ಬರೆದವರು ಹೇಳಿದ್ದೇನು

ವಿಚಿತ್ರ ಅಂದರೆ ವಿಮರ್ಶಕರು ಈ ಆಟವನ್ನು ಬೈದೇ ಇರಲಿಲ್ಲ. ರಿವ್ಯೂಗಳ ಅಂಕ ಸೇರಿಸಿ ಸರಾಸರಿ ಹಾಕುವ ತಾಣ ಮೆಟಾಕ್ರಿಟಿಕ್‌ನಲ್ಲಿ ಪಿಎಸ್4 ಆವೃತ್ತಿಗೆ 100ಕ್ಕೆ 77. ಅಂದರೆ ಫಸ್ಟ್ ಕ್ಲಾಸ್. ಹೆಚ್ಚಿನವರು ಕ್ಯಾಂಪೇನನ್ನು ಹೊಗಳಿದರು. ಕಥೆಯ ಹೊಣೆ ಹೊತ್ತಿದ್ದ ಟೇಲರ್ ಕುರೊಸಾಕಿ ಮತ್ತು ವಿನ್ಯಾಸ ನೋಡಿಕೊಂಡ ಜೇಕಬ್ ಮಿಂಕಾಫ್, ಇಬ್ಬರೂ ನಾಟಿ ಡಾಗ್ ಸ್ಟುಡಿಯೋದಲ್ಲಿ ಪಳಗಿ ಈ ಆಟ ಮಾಡಿದ ಇನ್ಫಿನಿಟಿ ವಾರ್ಡಿಗೆ ಬಂದವರು. ಪಾತ್ರಗಳ ನಡುವಿನ ಮಾತುಕತೆಯಲ್ಲಿ ಆ ಪಳಗುವಿಕೆ ಗೊತ್ತಾಗುತ್ತದೆ. ಈಥನ್ ಅನ್ನುವ ರೋಬೋಟ್ ಇದ್ದಾನಲ್ಲ, ಅವನ ಹಾಸ್ಯ, ಅವನ ನಿಷ್ಠೆ ಎರಡೂ ಜನರಿಗೆ ಹಿಡಿಸಿದವು. 80ರ ದಶಕದ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ನಡೆಯುವ ಜಾಂಬಿ ವಿಭಾಗಕ್ಕೂ ಮೆಚ್ಚುಗೆ ಸಿಕ್ಕಿತು.

ಪೆಟ್ಟು ಬಿದ್ದದ್ದು ಹಲವರು ಸೇರಿ ಆನ್‌ಲೈನಿನಲ್ಲಿ ಆಡುವ ಮಲ್ಟಿಪ್ಲೇಯರಿಗೆ. ಹಿಂದಿನ ವರ್ಷದ ಬ್ಲಾಕ್ ಆಪ್ಸ್ 3ರ ನಕಲಿನ ಹಾಗಿದೆ ಅಂದರು. ಅದು ನಿಜ. ಸಪ್ಲೈ ಡ್ರಾಪ್ ಅನ್ನುವ ಲಾಟರಿ ಪೆಟ್ಟಿಗೆಗಳು ಬೇರೆ. ಅದೃಷ್ಟ ಇದ್ದವನಿಗೆ ಒಳ್ಳೇ ಬಂದೂಕು ಅನ್ನುವುದು ಆಟದ ನ್ಯಾಯಕ್ಕೇ ವಿರುದ್ಧ. ಕಂಪ್ಯೂಟರಿನಲ್ಲಿ ವಿಂಡೋಸ್ ಸ್ಟೋರಿನಿಂದ ಕೊಂಡವರು ಸ್ಟೀಮ್ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿಯಿಂದ ಕೊಂಡವರ ಜೊತೆ ಆಡುವ ಹಾಗೇ ಇರಲಿಲ್ಲ. ಖಾಲಿ ಮೈದಾನದಲ್ಲಿ ಬ್ಯಾಟ್ ಹಿಡಿದು ನಿಂತ ಸ್ಥಿತಿ ಅವರದು. ಈ ಬೈಗುಳಗಳೆಲ್ಲ ಸಲ್ಲಬೇಕಾದಲ್ಲೇ ಸಂದಿವೆ.

ಕ್ಯಾಂಪೇನಿಗೂ ನನ್ನದೊಂದು ತಕರಾರಿದೆ. ಆಟದ ಶತ್ರುಗಳಾದ ಮಂಗಳ ಗ್ರಹದವರು ಭೂಮಿಯ ಮೇಲೆ ಯಾಕೆ ಯುದ್ಧಕ್ಕೆ ಬಂದರು? ಅಲ್ಲಿ ಹುಟ್ಟಿದವರಿಗೆ ಭೂಮಿ ಮಾಡಿದ ಅನ್ಯಾಯ ಏನಾದರೂ ಇತ್ತಾ? ಆಟ ಅದನ್ನು ಸರಿಯಾಗಿ ಕೇಳುವುದೇ ಇಲ್ಲ. ಅವರ ನಾಯಕ ಅಡ್ಮಿರಲ್ ಕಾಚ್ ಪಾತ್ರಕ್ಕೆ ಕಿಟ್ ಹ್ಯಾರಿಂಗ್ಟನ್ ಅವರಂಥ ನಟನನ್ನು ಕರೆತಂದು, ಪರದೆಯ ಮೇಲೆ ನಿಂತು ಗುಡುಗುವುದಷ್ಟನ್ನೇ ಕೊಟ್ಟಿದ್ದಾರೆ. ಎದುರಾಳಿಯ ಬಾಯಲ್ಲೂ ಒಂದು ಸತ್ಯ ಇದ್ದಿದ್ದರೆ ರೇಯಸ್‌ನ ಸಂಕಟಕ್ಕೆ ಇನ್ನೂ ತೂಕ ಬರುತ್ತಿತ್ತು. ಈ ಕೊರತೆಯನ್ನು ಅನೇಕ ರಿವ್ಯೂಗಳೂ ಎತ್ತಿ ಹೇಳಿದವು. ಹೀಗೆ ಹೇಳಲು ಆಟ ಮುಗಿಸಿರಬೇಕು. ಟ್ರೇಲರ್ ನೋಡಿದವರಿಗೆ ಈ ಕೊರತೆ ಕಾಣುವ ಸಾಧ್ಯತೆಯೇ ಇಲ್ಲ. ಅಂದರೆ ಆ ಡಿಸ್‌ಲೈಕುಗಳು ಆಟದ ನಿಜವಾದ ತಪ್ಪನ್ನೂ ಹಿಡಿಯಲಿಲ್ಲ. ನನಗೆ ಇದೇ ದೊಡ್ಡ ಬೇಜಾರು. ಸರಿಯಾಗಿ ಬೈಸಿಕೊಳ್ಳುವ ಭಾಗ್ಯವೂ ಈ ಆಟಕ್ಕೆ ಸಿಗಲಿಲ್ಲ.

ಮಂಗಳ ಹಾಡುವವರೆಗೆ ಕೂತವರು

ಬ್ರಹ್ಮಾವರದ ಕಡೆ ನಮ್ಮ ದೊಡ್ಡಪ್ಪ ಒಬ್ಬರಿದ್ದರು. ಯಕ್ಷಗಾನದ ಹುಚ್ಚು. ಎಲ್ಲೇ ಬಯಲಾಟ ಇರಲಿ, ಚೌಕಿಯ ಪಕ್ಕ ಚಾಪೆ ಹಾಸಿ ಕೂತರೆ ಬೆಳಗ್ಗೆ ಮಂಗಳ ಹಾಡಿದ ಮೇಲೇ ಏಳುವುದು. ಆಮೇಲೆ ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಚಹಾ, ಬನ್ಸ್, ಜೊತೆಗೆ ವಿಮರ್ಶೆ. ರಜೆಯಲ್ಲಿ ನಾನೂ ನಿದ್ದೆಗಣ್ಣಿನಲ್ಲಿ ಅವರ ಪಕ್ಕ ಕೂತಿರುತ್ತಿದ್ದೆ. ಭಾಗವತರ ಸ್ವರ ಮಧ್ಯರಾತ್ರಿ ದಾಟಿದ ಮೇಲೆ ಹೇಗೆ ಏರಿತು, ಎರಡನೇ ವೇಷದವರು ಅರ್ಥ ಹೇಳುವಾಗ ಎಲ್ಲಿ ಎಳೆದರು, ಚೆಂಡೆ ಎಲ್ಲಿ ಜಾಸ್ತಿಯಾಯಿತು, ಹಾಸ್ಯಗಾರರು ಯಾವ ಮಾತಿನಲ್ಲಿ ಅಳತೆ ಮೀರಿದರು, ಒಂದೊಂದನ್ನೂ ಬಿಡಿಸಿ ಇಡುತ್ತಿದ್ದರು. ಪ್ರೀತಿಯ ಕಲಾವಿದರನ್ನೂ ಬಿಡುತ್ತಿರಲಿಲ್ಲ.

ಯಾರಾದರೂ ನಡುವೆ ಬಾಯಿ ಹಾಕಿ "ಈ ಸಲದ ಪ್ರಸಂಗ ಏನೂ ಸುಖ ಇಲ್ಲ" ಅಂದರೆ ದೊಡ್ಡಪ್ಪ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರು. "ನೀ ಎಷ್ಟೊತ್ತಿನವರೆಗೆ ಕೂತಿದ್ದೆ?" ಹನ್ನೊಂದು ಗಂಟೆಗೆ ಎದ್ದು ಮನೆಗೆ ಹೋದವನಿಗೆ ಹನ್ನೊಂದರವರೆಗಿನ ಮಾತಿಗೆ ಮಾತ್ರ ಅಲ್ಲಿ ಬೆಲೆ. ಅವನನ್ನು ಓಡಿಸುತ್ತಿರಲಿಲ್ಲ, ಅಷ್ಟು ಹೊತ್ತಿನ ಒಡ್ಡೋಲಗದ ಬಗ್ಗೆ ಅವನ ಅಭಿಪ್ರಾಯ ಕೇಳುತ್ತಿದ್ದರು. ಅದರಾಚೆಗೆ ಅವನು ಮಾತಾಡಿದರೆ ಚಹಾದ ಕಡೆ ತಿರುಗುತ್ತಿದ್ದರು. ಹೊಸ ಸಾಮಾಜಿಕ ಪ್ರಸಂಗಗಳು ದೊಡ್ಡಪ್ಪನಿಗೆ ಸೇರುತ್ತಿರಲಿಲ್ಲ. ಪುರಾಣ ಬಿಟ್ಟು ಇದೆಂಥದ್ದು ಅನ್ನುವವರು. ಆದರೂ ಒಂದು ರಾತ್ರಿ ಪೂರ್ತಿ ಕೂತು ನೋಡಿಯೇ ಬೈಯುತ್ತಿದ್ದರು. ಹಾಗೆ ಕೂತಾಗ ಎಲ್ಲೋ ಒಂದು ಕಡೆ, "ಆ ತಾಯಿಯ ಪಾತ್ರ ಮಾಡಿದವರು ಮಾತ್ರ ಬೆಸ್ಟ್" ಅಂತಲೂ ಹೇಳಬೇಕಾಗುತ್ತಿತ್ತು. ನೋಡಿದ ಮೇಲೆ ಒಳ್ಳೆಯದನ್ನು ಕಾಣದೆ ಇರಲು ಆಗುವುದಿಲ್ಲ ಅಲ್ವಾ.

ಈಗ ಮೇಳಗಳೇ ಕಾಲಮಿತಿಗೆ ಬಂದಿವೆ, ರಾತ್ರಿಯಿಡೀ ಕೂರುವವರು ಕಡಿಮೆ. ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು. ನಾನು ಹೇಳಹೊರಟದ್ದು, ಒಂದು ಕಲೆಯ ಬಗ್ಗೆ ಮಾತಾಡುವ ಹಕ್ಕು ಅದರ ಜೊತೆ ಕಳೆದ ಹೊತ್ತಿನಿಂದ ಬರುತ್ತದೆ ಅನ್ನುವ ತಿಳಿವಳಿಕೆ ನಮ್ಮ ಕರಾವಳಿಯ ಹೋಟೆಲು ಬೆಂಚುಗಳಲ್ಲಿ ಗಟ್ಟಿಯಾಗಿತ್ತು. ಯಾರೂ ಕಾನೂನು ಮಾಡಿರಲಿಲ್ಲ. ವಿಡಿಯೊ ಗೇಮಿಗೆ ಇದು ಇನ್ನೂ ಜಾಸ್ತಿ ಸಲ್ಲುತ್ತದೆ. ಯಾಕೆಂದರೆ ಗೇಮಿನಲ್ಲಿ ಅರ್ಧ ಕಸುಬು ಕೈಯಲ್ಲಿದೆ. ನೆಗೆದಾಗ ಕಾಲು ನೆಲಕ್ಕೆ ತಾಗುವ ತೂಕ, ಗುರಿ ಹಿಡಿದಾಗ ಬೆರಳಿಗೆ ಬರುವ ಬಿಗಿ, ಹೊರಗಿನ ಬಾಹ್ಯಾಕಾಶದ ಮೌನದಿಂದ ಒಳಗಿನ ಗದ್ದಲಕ್ಕೆ ಬಾಗಿಲು ತೆರೆದಾಗ ಆಗುವ ದಿಗಿಲು. ಇದು ಯಾವ ಟ್ರೇಲರಿನಲ್ಲೂ ಇರಲು ಸಾಧ್ಯವಿಲ್ಲ.

ದುಡ್ಡಿನ ಕಥೆ, ಆಮೇಲಿನ ಕಥೆ

ಅಷ್ಟೆಲ್ಲ ಬೈಸಿಕೊಂಡ ಆಟ 2016ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ವ್ಯಾಪಾರ ಮಾಡಿದ ಗೇಮ್ ಆಯಿತು. ಆದರೂ ಆಕ್ಟಿವಿಷನ್ ಅಂದುಕೊಂಡಷ್ಟು ಹಣ ಬರಲಿಲ್ಲ. ಮುಂದಿನ ವರ್ಷದ ಆರಂಭದಲ್ಲೇ ಅವರು ಇದನ್ನು ಒಪ್ಪಿಕೊಂಡರು, ಬೇರಿಗೆ ಮರಳುತ್ತೇವೆ ಅಂದರು. 2017ರ ನವೆಂಬರ್‌ನಲ್ಲಿ ಬಂದದ್ದು ಎರಡನೇ ಮಹಾಯುದ್ಧದ ಆಟ. ಇನ್ಫಿನಿಟಿ ವಾರ್ಡ್ ಕೂಡ 2019ರಲ್ಲಿ 'ಮಾಡರ್ನ್ ವಾರ್‌ಫೇರ್' ಹೆಸರಿಗೇ ವಾಪಸು ಹೋಯಿತು. ರೇಯಸ್‌ನ ನೌಕೆ, ಆ ಸೌರವ್ಯೂಹದ ನಕ್ಷೆ, ಆ ಕಥೆಯ ಮುಂದುವರಿಕೆ ಯಾವುದೂ ಮತ್ತೆ ಬರಲಿಲ್ಲ.

ಅದೇ ಸೀಸನ್ನಿನಲ್ಲಿ 'ಟೈಟನ್‌ಫಾಲ್ 2' ಕೂಡ ಬಂದಿತ್ತು, ಅಕ್ಟೋಬರ್ 28ಕ್ಕೆ. ಅದೂ ಭವಿಷ್ಯದ ಯುದ್ಧವೇ, ಅದರಲ್ಲೂ ಗೋಡೆ ಮೇಲೆ ಓಡುವುದೇ. ಮೆಟಾಕ್ರಿಟಿಕ್‌ನಲ್ಲಿ ಪಿಎಸ್4ಗೆ 89. ವಿಮರ್ಶಕರು ತಲೆ ಮೇಲೆ ಹೊತ್ತರು. ಬ್ಯಾಟಲ್‌ಫೀಲ್ಡ್ 1 ಅಕ್ಟೋಬರ್ 21ಕ್ಕೆ, ಇನ್ಫಿನಿಟ್ ವಾರ್‌ಫೇರ್ ನವೆಂಬರ್ 4ಕ್ಕೆ. ನಡುವೆ ಸಿಕ್ಕಿಹಾಕಿಕೊಂಡು ಅದೂ ನಿರೀಕ್ಷೆಯಷ್ಟು ಮಾರಲಿಲ್ಲ. ಒಳ್ಳೇ ರಿವ್ಯೂ ಅದನ್ನು ಉಳಿಸಲಿಲ್ಲ, ಕೆಟ್ಟ ಹೆಸರು ಇದನ್ನು ಅಂಗಡಿಯಲ್ಲಿ ಮುಳುಗಿಸಲಿಲ್ಲ. ಆದರೆ ಹೆಸರಿನ ವಿಷಯದಲ್ಲಿ ಎರಡರ ಹಣೆಬರಹ ಬೇರೆಯಾಯಿತು. ಟೈಟನ್‌ಫಾಲ್ 2ಕ್ಕೆ ಇವತ್ತು ಎಲ್ಲ ಕಡೆ ಗೌರವ ಇದೆ, "ಪಾಪ, ಒಳ್ಳೇ ಆಟ" ಅನ್ನುತ್ತಾರೆ. ಇನ್ಫಿನಿಟ್ ವಾರ್‌ಫೇರಿನ ಕ್ಯಾಂಪೇನ್ ಬಗ್ಗೆಯೂ ಈಚಿನ ವರ್ಷಗಳಲ್ಲಿ ಆಡಿದವರು ಒಳ್ಳೆಯ ಮಾತು ಹೇಳತೊಡಗಿದ್ದಾರೆ. ಆದರೆ ಪ್ರತಿ ಸಲವೂ ಆ ಡಿಸ್‌ಲೈಕಿನ ಲೆಕ್ಕ ದಾಟಿಯೇ ಶುರು ಮಾಡಬೇಕು. 2021ರ ನವೆಂಬರ್‌ನಲ್ಲಿ ಯೂಟ್ಯೂಬ್ ಡಿಸ್‌ಲೈಕ್ ಸಂಖ್ಯೆಯನ್ನೇ ಮರೆ ಮಾಡಿತು. ಈಗ ಆ ಪುಟಕ್ಕೆ ಹೋದರೆ ಲೆಕ್ಕ ಕಾಣುವುದಿಲ್ಲ. ಜನರ ಬಾಯಲ್ಲಿ ಮಾತ್ರ ಹಾಗೇ ಇದೆ.

ಅಕ್ಕನ ಮಗನಿಗೆ ನಾನು ಭಾಷಣ ಮಾಡಲಿಲ್ಲ. ಹಳೇ ಡಿಸ್ಕ್ ಎಲ್ಲಾದರೂ ಸೆಕೆಂಡ್ ಹ್ಯಾಂಡ್ ಸಿಕ್ಕರೆ ತಗೋ ಅಂದೆ. ಇದನ್ನು ಓದುವ ನಿಮಗೂ ಅದೇ ಮಾತು. ಮಲ್ಟಿಪ್ಲೇಯರ್ ಬಿಡಿ, ನೇರ ಕ್ಯಾಂಪೇನಿಗೆ ಹೋಗಿ. ನೌಕೆಯ ನಕ್ಷೆಯಲ್ಲಿ ಮುಖ್ಯ ಕಥೆಯ ಹೊರತಾಗಿ ಕೆಲವು ಚಿಕ್ಕ ಮಿಷನ್‌ಗಳು ಕಾಣುತ್ತವೆ. ಅವು ಕಡ್ಡಾಯವಲ್ಲ ಅಂತ ಬಿಟ್ಟು ಮುಂದೆ ಓಡಬೇಡಿ. ಮಂಗಳ ಗ್ರಹಕ್ಕೆ ಹೊರಡುವ ಮೊದಲೇ ಎಲ್ಲ ಮುಗಿಸಿಕೊಳ್ಳಿ. ಸಿಬ್ಬಂದಿಯ ಮುಖ, ದನಿ ನಿಮಗೆ ಪರಿಚಯ ಆಗುವುದು ಅಲ್ಲೇ. ಹೆಡ್‌ಫೋನ್ ಹಾಕಿ ಆಡಿ. ಕ್ರೆಡಿಟ್ಸ್ ಶುರುವಾದಾಗ ಕಂಟ್ರೋಲರ್ ಕೆಳಗಿಡಿ, ಸ್ಕಿಪ್ ಮಾತ್ರ ಮಾಡಬೇಡಿ. ಆಮೇಲೆ ಇಷ್ಟವಾಗಲಿಲ್ಲ ಅಂದರೆ ಹಾಗೇ ಬರೆದು ಕಳಿಸಿ, ಎಲ್ಲಿ ಹಿಡಿಸಲಿಲ್ಲ ಅಂತ ಮಿಷನ್ ಹೆಸರು ಹಾಕಿ. ಜಗಳಕ್ಕೆ ನಾನು ತಯಾರಿದ್ದೇನೆ.